ಬಾಡಿ ಇಮೇಜ್ ಅಂದರೆ ಫಿಗರ್ ಅಲ್ಲ

ನಮ್ಮ ಬೀದಿಯ ತಿರುವಿನಲ್ಲಿ ಜಿಮ್ಮಿನವರು ಹೊಸ ಫ್ಲೆಕ್ಸ್ ಕಟ್ಟಿದ್ದಾರೆ: 'ಮೂರೇ ತಿಂಗಳಲ್ಲಿ ನಿಮ್ಮ ಬಾಡಿ ಇಮೇಜ್ ಬದಲಿಸಿ'. ಪಕ್ಕದಲ್ಲಿ ಅಂಗಿಯಿಲ್ಲದ ಹುಡುಗನೊಬ್ಬನ ಹೊಟ್ಟೆ. ಅದು ಬಾಡಿ, ಸರಿ. ಇಮೇಜ್ ಎಲ್ಲಿದೆ?

ಇದನ್ನೇ 'ದೇಹಸೌಷ್ಠವ' ಎಂದು ಕನ್ನಡಕ್ಕೆ ತರುವವರೂ ಇದ್ದಾರೆ. ಸೌಷ್ಠವ ಬಂದದ್ದು 'ಸುಷ್ಠು'ವಿನಿಂದ, ಅಂದರೆ 'ಚೆನ್ನಾಗಿ'. ಮೈಕಟ್ಟು ಚೆನ್ನಾಗಿದೆ ಎಂಬ ತೀರ್ಪು ಆ ಪದದೊಳಗೇ ಕೂತಿದೆ. ಬಾಡಿ ಇಮೇಜ್ ಅಂದರೆ ನಮ್ಮ ಮೈ ನಮ್ಮ ಮನಸ್ಸಿಗೆ ಕಾಣುವ ಬಗೆ; ಅದರಲ್ಲಿ ಅಂಥ ತೀರ್ಪಿಲ್ಲ. ಕಟ್ಟುಮಸ್ತಾದವನಿಗೂ ಅದು ಕೆಟ್ಟಿರಬಹುದು.

ಅಸಲಿಗೆ ಈ ಪದದ ಹುಟ್ಟಿಗೂ ಚಂದಕ್ಕೂ ಸಂಬಂಧವೇ ಇಲ್ಲ. ಕಥೆ ಶುರುವಾಗುವುದು ನರವೈದ್ಯರಲ್ಲಿ. ಮಿದುಳು ಮೈಯದೊಂದು ನಕಾಶೆ ಇಟ್ಟುಕೊಂಡಿರುತ್ತದೆ ಎಂದು 1911ರಲ್ಲಿ ಇಂಗ್ಲೆಂಡಿನ ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ ಬರೆದರು. ಹೆಂಗಸರ ಟೋಪಿಗೆ ಸಿಕ್ಕಿಸಿದ ಗರಿಯವರೆಗೂ ಆ ನಕಾಶೆ ಚಾಚುತ್ತದೆ ಎಂಬುದು ಅವರ ಉದಾಹರಣೆ. ತಲೆ ಮೇಲೆ ಬಿಂದಿಗೆ ಹೊತ್ತವಳು ಬಾಗಿಲು ದಾಟುವಾಗ ಎಷ್ಟು ಬೇಕೋ ಅಷ್ಟೇ ಬಗ್ಗುತ್ತಾಳಲ್ಲ, ಅದೇ. 1935ರಲ್ಲಿ ವಿಯೆನ್ನಾ ಮೂಲದ ಮನೋವೈದ್ಯ ಪಾಲ್ ಶಿಲ್ಡರ್ ಇದಕ್ಕೆ ಭಾವನೆಯನ್ನೂ ನಾಲ್ಕು ಜನರ ನೋಟವನ್ನೂ ಸೇರಿಸಿದರು: ನಮ್ಮ ಮೈಯ ಬಗ್ಗೆ ನಮ್ಮ ಮನಸ್ಸು ಬರೆದುಕೊಂಡ ಚಿತ್ರ. ಕಾಲು ಕತ್ತರಿಸಿ ತೆಗೆದ ಮೇಲೂ ಕೆಲವರಿಗೆ ಹೆಬ್ಬೆರಳು ತುರಿಸುತ್ತದೆ; ಚಿತ್ರದಲ್ಲಿ ಕಾಲು ಇನ್ನೂ ಅಳಿಸಿಲ್ಲ. 'ಮೈಚಿತ್ರ' ಅನ್ನಿ, ಇಲ್ಲವೇ ಬಾಡಿ ಇಮೇಜ್ ಎಂದೇ ಬಿಡಿ. ಸೌಷ್ಠವ ಜಿಮ್ಮಿಗಿರಲಿ.

ಈ ಚಿತ್ರವನ್ನು ಹೊರಗಿನವರೂ ತಿದ್ದಬಲ್ಲರು. ಪೆಸಿಫಿಕ್ ಸಾಗರದ ದ್ವೀಪದೇಶ ಫಿಜಿಯ ನಾಡ್ರೋಗಾ ಪ್ರಾಂತ್ಯದಲ್ಲಿ ಮೈ ತುಂಬಿಕೊಂಡಿರುವುದೇ ಲಕ್ಷಣ ಎನಿಸಿತ್ತು. 1995ರಲ್ಲಿ ಅಲ್ಲಿಗೆ ಟಿವಿ ಬಂತು. ಸಂಶೋಧಕಿ ಆನ್ ಬೆಕರ್ ಶಾಲಾ ಹುಡುಗಿಯರನ್ನು ಕೇಳಿದಾಗ, ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುತ್ತೇನೆ ಎಂದವರು ಆಗ ಒಬ್ಬರೂ ಇರಲಿಲ್ಲ. 1998ರಲ್ಲಿ ಕೇಳಿದರೆ ನೂರಕ್ಕೆ 11 ಮಂದಿ.

ಈಗ ಟಿವಿಯೂ ಬೇಡ. ಮೊನ್ನೆ ಮದುವೆಮನೆಯ ಫೋಟೋ ತೋರಿಸಿದೆ. ಪಿಯುಸಿ ಓದುವ ಅಣ್ಣನ ಮಗಳು ಇಪ್ಪತ್ತು ಜನರಿದ್ದ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ತನ್ನ ತೋಳೊಂದನ್ನೇ ನೋಡಿದಳು. "ಚಿಕ್ಕಪ್ಪ, ಇದನ್ನ ಗ್ರೂಪಿಗೆ ಹಾಕ್ಬೇಡಿ" ಅಂದಳು. ತೋಳಿಗೇನೂ ಆಗಿರಲಿಲ್ಲ. ಟೈಲರು ಬ್ಲೌಸಿನ ತೋಳು ಬಿಗಿ ಹೊಲಿದಿದ್ದ.