ಬಜೆ ತೇದರೆ ಉಗ್ಗು ಹೋಗುತ್ತದೆಯೇ?

ಪ್ರಶ್ನೆ: ಎಂಟು ವರ್ಷದ ಮಗ ಉಗ್ಗುತ್ತಾನೆ. ಹದಿನೈದು ದಿನಕ್ಕೊಮ್ಮೆ ಕಲಬುರಗಿಗೆ ಥೆರಪಿಗೆ ಕರೆತರುತ್ತೇವೆ. ಉಳಿದ ದಿನ ನಾವು, ಶಾಲೆಯವರು ಏನು ಮಾಡಬೇಕು? ನಾಲಿಗೆ ದಪ್ಪ, ಬಜೆ ತೇದು ತಿಕ್ಕಿ ಎನ್ನುತ್ತಾರೆ. ನಿಜವೇ?
– ಸೇಡಂ ತಾಲ್ಲೂಕಿನ ತಾಯಿಯೊಬ್ಬರು

ಉತ್ತರ: ಮೊದಲು ಬಜೆಯ ವಿಷಯ ಮುಗಿಸೋಣ. ಇದಕ್ಕೆ ಉತ್ತರ ಹೇಳಿ ಹೇಳಿ ನನ್ನ ನಾಲಿಗೆಯೇ ದಪ್ಪವಾಗುವ ಹಾಗಿದೆ.

ನಿಮ್ಮ ಮಗ ವಚನ ಹಾಡುವಾಗ ಉಗ್ಗುತ್ತಾನೆಯೇ? ಇಡೀ ತರಗತಿಯೊಂದಿಗೆ ಮಗ್ಗಿ ಒಪ್ಪಿಸುವಾಗ? ಆಡಿನ ಮರಿಯೊಡನೆ ಮಾತಾಡುವಾಗ? ಬಹುಮಟ್ಟಿಗೆ ಇಲ್ಲ. ಹಾಗಾದರೆ ಆ ನಾಲಿಗೆ ಮರಿಯ ಮುಂದೆ ತೆಳ್ಳಗಾಗಿ, ಮೇಷ್ಟರ ಮುಂದೆ ಮತ್ತೆ ದಪ್ಪವಾಗುತ್ತದೆಯೇ? ತೊಡಕಿರುವುದು ಮಿದುಳು ಮಾತಿನ ಸ್ನಾಯುಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವುದರಲ್ಲಿ. ಅನೇಕರಿಗೆ ಅದು ವಂಶದಿಂದ ಬಂದಿರುತ್ತದೆ. 1841ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಡೀಫೆನ್‌ಬಾಖ್ ಉಗ್ಗುವವರ ನಾಲಿಗೆಯ ಬುಡವನ್ನೇ ಕೊಯ್ದ. ಸ್ವಲ್ಪ ಕಾಲದಲ್ಲೇ ವೈದ್ಯರು ಆ ಹುಚ್ಚನ್ನು ಬಿಟ್ಟರು. ನಾವು ಇನ್ನೂ ಸಾಣೆಕಲ್ಲು ಬಿಟ್ಟಿಲ್ಲ. ಬಜೆಯಲ್ಲಿರುವ ಆಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸಬಾರದೆಂದಿತು. ಬಾಯಲ್ಲಿ ಕಲ್ಲಿಟ್ಟು ಓದಿಸುವವರಿಗೆ ಉತ್ತರ ಬರೆಯುವ ತಾಳ್ಮೆ ನನಗಿಲ್ಲ.

ಮನೆಯಲ್ಲಿ ‘ನಿಧಾನ, ಉಸಿರು ಎಳೆದುಕೊಂಡು ಹೇಳು’ ಎನ್ನಬೇಡಿ. ನೀವೇ ನಿಧಾನವಾಗಿ ಮಾತಾಡಿ. ಅವನ ಬಾಯಿಂದ ಮಾತು ಕಿತ್ತುಕೊಂಡು ನೀವು ಮುಗಿಸಬೇಡಿ. ರೊಟ್ಟಿ ಬಡಿಯುತ್ತಲೇ ಕೇಳಿದರೂ ನಡೆಯುತ್ತದೆ, ಹೆಂಚಿನ ಮೇಲಿನದು ಸೀಯುತ್ತದೆಂದು ಅವನನ್ನು ಅವಸರಿಸದಿದ್ದರೆ ಸಾಕು. ಬೀಗರು ಬಂದಾಗ ‘ಪದ್ಯ ಹೇಳಿ ತೋರಿಸು’ ಎಂದು ಮುತ್ಯಾ ಅವನನ್ನು ನಡುಮನೆಯಲ್ಲಿ ನಿಲ್ಲಿಸದಂತೆ ನೋಡಿಕೊಳ್ಳಿ.

ಶಾಲೆಯಲ್ಲಿ ಕಷ್ಟದ ಪದ ಯಾವುದು ಗೊತ್ತೇ? ಅವನದೇ ಹೆಸರು. ‘ನೀರು’ ಬಾರದಿದ್ದರೆ ‘ಬಾಯಾರಿದೆ’ ಎಂದು ಪಾರಾಗಬಹುದು, ಹೆಸರಿಗೆ ಬದಲಿ ಇಲ್ಲ. ನನ್ನಲ್ಲಿಗೆ ಬರುತ್ತಿದ್ದ ಹುಡುಗನೊಬ್ಬ, ತಪಾಸಣೆಗೆ ಬಂದ ಅಧಿಕಾರಿ ಹೆಸರು ಕೇಳಿದಾಗ ಪಕ್ಕದವನ ಹೆಸರು ಹೇಳಿ ಕುಳಿತುಬಿಟ್ಟ. ಸುಳ್ಳು ಹೇಳಿದನೆಂದು ಬೆತ್ತದ ಏಟು ಬೇರೆ. ಹಾಜರಿಗೆ ಹೇಗೆ ಉತ್ತರಿಸಲು ಇಷ್ಟ ಎಂದು ಶಿಕ್ಷಕರು ಅವನನ್ನೇ ಒಬ್ಬನೇ ಇದ್ದಾಗ ಕೇಳಲಿ. ಕೈ ಎತ್ತಿದರೆ ಸಾಲದೇ? ಬೆಂಚಿನ ಸಾಲಾಗಿ ಓದಿಸಿದರೆ ಹತ್ತನೆಯವನ ಎದೆ ಮೊದಲನೆಯವನಿಂದಲೇ ಹೊಡೆದುಕೊಳ್ಳುತ್ತದೆ. ಅವನ ಸರದಿ ಬೇಗ ಬರಲಿ, ಇಲ್ಲವೇ ಗೆಳೆಯನ ಜೊತೆ ದನಿಗೂಡಿಸಿ ಓದಲಿ. ಮೌಖಿಕ ಪರೀಕ್ಷೆಯಲ್ಲಿ ಗಡಿಯಾರ ನೋಡಬೇಡಿ. ಅಣಕಿಸುವವರನ್ನು ಮಾತ್ರ ಅಲ್ಲೇ ತಡೆಯಿರಿ.

ನೀವು ಕೇಳಿಲ್ಲ, ಆದರೂ ನಿಮ್ಮದು ಗಡಿ ಸೀಮೆಯಾದ್ದರಿಂದ ಹೇಳುತ್ತೇನೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅದಕ್ಕೇ ಉಗ್ಗು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಎರಡು ಭಾಷೆಯಿಂದ ಉಗ್ಗು ಹುಟ್ಟುವಂತಿದ್ದರೆ ಬೀದರ್ ಬಸ್ ನಿಲ್ದಾಣದಲ್ಲಿ ಒಬ್ಬರೂ ನೆಟ್ಟಗೆ ಟಿಕೆಟ್ ಕೇಳುತ್ತಿರಲಿಲ್ಲ. ಅಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಉಸಿರಿನಲ್ಲಿ ಓಡುತ್ತವೆ. ಮಗ ಅಜ್ಜಿಯೊಡನೆ ತೆಲುಗಿನಲ್ಲೇ ಜಗಳವಾಡಲಿ.