ಬಂದಾಗ ಚೆನ್ನಾಗಿಯೇ ಇದ್ದ

"ಬಂದಾಗ ಚೆನ್ನಾಗಿಯೇ ಇದ್ದ, ಡಾಕ್ಟರೇ. ಆರು ತಿಂಗಳಾದ ಮೇಲೆ ಹೀಗಾಗಿದ್ದಾನೆ. ಅಂದರೆ ಇದು ಯುದ್ಧದಿಂದ ಬಂದದ್ದಲ್ಲ, ಅಲ್ಲವೇ?" ಸೈನಿಕರ ಮನೆಯವರಿಂದ ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ನನ್ನ ಜಗಳ ಆ 'ಅಂದರೆ'ಯ ಜೊತೆಗೆ.

ಕಾರ್ಯಾಚರಣೆಯ ನೆಲದಲ್ಲಿ ಅರೆನಿದ್ದೆ ಮಾಡುವುದು, ಸಣ್ಣ ಸದ್ದಿಗೂ ಕಿವಿ ನಿಮಿರಿಸುವುದು, ದುಃಖವನ್ನು ನುಂಗಿಕೊಳ್ಳುವುದು ಕಾಯಿಲೆಯಲ್ಲ; ಜೀವ ಉಳಿಸುವ ಕಸುಬು. ಸುತ್ತಲಿನವರೆಲ್ಲ ಹಾಗೆಯೇ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಗೆ ಬಂದ ಮೊದಲ ವಾರಗಳಲ್ಲಿ ನೆಂಟರು, ನಗು. ಅವರೆಲ್ಲ ಚದುರಿ ದಿನಗಳು ಸಪ್ಪೆಯಾದ ಮೇಲೆ, ದೇಹ ಇನ್ನೂ ಕಾವಲು ಬಿಟ್ಟಿಲ್ಲವೆಂಬುದು ಗೊತ್ತಾಗುತ್ತದೆ. ಬಂದ ದಿನವೇ ತಪಾಸಣೆ ಮಾಡಿದರೆ ಸೈನಿಕರು "ಏನೂ ತೊಂದರೆಯಿಲ್ಲ" ಎನ್ನುತ್ತಾರೆ. ಇನ್ನೇನು ಹೇಳಿಯಾರು? ಮನೆಗೆ ಹೋಗುವ ಆತುರ!

ಇರಾಕ್‌ನಿಂದ ಮರಳಿದ 88,235 ಅಮೆರಿಕನ್ ಸೈನಿಕರನ್ನು ಬಂದ ಕೂಡಲೇ ಒಮ್ಮೆ, ಕೆಲವು ತಿಂಗಳ ನಂತರ ಮತ್ತೊಮ್ಮೆ ಪ್ರಶ್ನಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮಾನಸಿಕ ತೊಂದರೆ ಹೆಚ್ಚು ಕಂಡದ್ದು ಎರಡನೆಯ ಸಲ. ಆಪ್ತರೊಂದಿಗಿನ ಜಗಳದ ಚಿಂತೆಯಂತೂ ನಾಲ್ಕು ಪಟ್ಟಾಗಿತ್ತು. ಭೀಕರ ಅನುಭವದ ನಂತರ ಮನಸ್ಸನ್ನು ಕಾಡುವ ಆಘಾತೋತ್ತರ ಒತ್ತಡದ ಕಾಯಿಲೆ (ಪಿಟಿಎಸ್‌ಡಿ) ಪೂರ್ಣರೂಪದಲ್ಲಿ ಕಾಣಿಸಿಕೊಳ್ಳಲು ಆರು ತಿಂಗಳಿಗೂ ಹೆಚ್ಚು ಹಿಡಿಯಬಹುದೆಂದು ನಮ್ಮ ರೋಗನಿರ್ಣಯದ ಕೈಪಿಡಿಯೇ ಹೇಳುತ್ತದೆ.

ಹಾಗೆಂದು ತಡವಾಗಿ ಬಂದ ಸಿಟ್ಟೆಲ್ಲ ಯುದ್ಧದ್ದೇ ಎನ್ನಲಾರೆ. ಬಹುಪಾಲು ಸೈನಿಕರಿಗೆ ಈ ಕಾಯಿಲೆ ಬರುವುದೇ ಇಲ್ಲ. ಬಂದವರಲ್ಲಿಯೂ ಕುಡಿತ, ಖಿನ್ನತೆ, ಸ್ಫೋಟದಿಂದ ತಲೆಗಾದ ಪೆಟ್ಟು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ; ಪರೀಕ್ಷಿಸದೆ ಹೆಸರಿಡಬಾರದು.

ಒಬ್ಬರು ನನ್ನ ಕೋಣೆಗೆ ಬಂದವರೇ ಕುರ್ಚಿಯನ್ನು ಎಳೆದು ಗೋಡೆಗೆ ಆನಿಸಿ, ಬಾಗಿಲಿಗೆ ಮುಖ ಮಾಡಿ ಕುಳಿತರು. "ಊಟಕ್ಕೂ ಹೀಗೆಯೇ ಕೂರುತ್ತಾರೆ, ನಮ್ಮ ಮುಖವನ್ನೂ ನೋಡುವುದಿಲ್ಲ" ಎಂದು ಹೆಂಡತಿ ಅತ್ತರು. ಪಾಪ, ಅದನ್ನು ತಾತ್ಸಾರವೆಂದುಕೊಂಡಿದ್ದರು. ಆತನಿಗೆ ಬೆನ್ನ ಹಿಂದೆ ಯಾರೂ ಇರಬಾರದಿತ್ತು, ಅಷ್ಟೆ. ಒಂದು ವರ್ಷ ಒಂದೇ ಮನೆಯಲ್ಲಿದ್ದರೂ ಆತ ಹೇಳಿರಲಿಲ್ಲ, ಆಕೆ ಕೇಳಿರಲಿಲ್ಲ.

ಆಘಾತವನ್ನೇ ಗುರಿಯಾಗಿಟ್ಟ ಮಾತಿನ ಚಿಕಿತ್ಸೆಯಿದೆ, ಔಷಧಿಯಿದೆ. ತಡವಾಗಿ ಬಂದವರಿಗೂ ಗುಣ ಕಾಣುತ್ತದೆ, ಎಷ್ಟೆಂದು ಮೊದಲೇ ಹೇಳಲಾಗದು. ಮನೆಯವರು ಮೂರನೆಯ ತಿಂಗಳು ಒಮ್ಮೆ, ಆರನೆಯ ತಿಂಗಳು ಒಮ್ಮೆ ನಿದ್ದೆ ಹೇಗಿದೆ, ಕುಡಿತ ಹೆಚ್ಚಿದೆಯೇ ಎಂದು ವಿಚಾರಿಸಲಿ. ಎಷ್ಟು ಜನರನ್ನು ಕೊಂದೆ ಎಂದು ದಯವಿಟ್ಟು ಕೇಳಬೇಡಿ. ಸಾಯುವ ಮಾತು ಬಾಯಿಗೆ ಬಂದರಂತೂ ಆರನೆಯ ತಿಂಗಳಿಗೆ ಕಾಯದೆ ಅಂದೇ ಕರೆದುಕೊಂಡು ಬನ್ನಿ.