ಹೈಪ್ ಬೇರೆ, ಕಾತರ ಬೇರೆ

ಮೊನ್ನೆ ಒಂದು ಸಾಲು ಓದಿದೆ: "ಈ ರ‍್ಯಾಪ್ ಆಲ್ಬಂ ಮೇಲೆ ಅಭಿಮಾನಿಗಳು ಸಿಕ್ಕಾಪಟ್ಟೆ ಹೈಪ್ ಇಟ್ಟುಕೊಂಡಿದ್ದಾರೆ." ಇಂಥ ಸಾಲು ಕಂಡಾಗಲೆಲ್ಲ ಹೋಗಲಿ ಬಿಡು ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಈ ಸಲ ಆಗಲಿಲ್ಲ. ಮೂರು ಸಾಲು ಕೆಳಗೆ "ಹೈಪ್ ತಡೆಯೋಕೆ ಆಗ್ತಿಲ್ಲ" ಅಂತ ಇತ್ತು. ಕೊನೆಯಲ್ಲಿ "ಇಷ್ಟು ಹೈಪ್ ಮಾಡಿದ್ದೇ ತಪ್ಪು" ಅಂತಲೂ ಇತ್ತು. ಒಂದೇ ಪದ ಮೊದಲು ನಿರೀಕ್ಷೆ, ಆಮೇಲೆ ತವಕ, ಕೊನೆಗೆ ದೂರು. ಮೂರೂ ಒಂದೇ ಆಗೋಕೆ ಹೇಗೆ ಸಾಧ್ಯ?

ನಿರೀಕ್ಷೆ ಇಟ್ಟುಕೊಳ್ಳಬಹುದು. ಆಸೆ ಇಟ್ಟುಕೊಳ್ಳಬಹುದು, ನಂಬಿಕೆಯನ್ನೂ ಇಟ್ಟುಕೊಳ್ಳಬಹುದು. ಹೈಪ್ ಇಟ್ಟುಕೊಳ್ಳುವ ವಸ್ತು ಅಲ್ಲ. ಅದು ಮಾತಿನಿಂದ, ಪ್ರಚಾರದಿಂದ ಉಬ್ಬಿಸುವುದು, ಒಬ್ಬರು ಇನ್ನೊಬ್ಬರ ಮೇಲೆ ಮಾಡುವ ಕೆಲಸ. ಕನ್ನಡದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಯೇ ಇಲ್ಲ. ನಮ್ಮ ಕ್ರಿಯಾಪದಗಳಲ್ಲೇ ಅದು ಕೂತಿದೆ. ಕುಣಿಯುವುದು ಬೇರೆ, ಕುಣಿಸುವುದು ಬೇರೆ. ಉಬ್ಬುವುದು ಬೇರೆ, ಉಬ್ಬಿಸುವುದು ಬೇರೆ. ಕಾಯುವುದು ಬೇರೆ, ಕಾಯಿಸುವುದು ಬೇರೆ. ಅಭಿಮಾನಿಗಳು ಕಾಯುತ್ತಾರೆ. ಹಾಡುಗಾರ, ಅವನ ಕಂಪನಿ, ಪ್ರಚಾರದವರು ಕಾಯಿಸುತ್ತಾರೆ. ಹೈಪ್ ಅನ್ನುವುದು 'ಇಸು' ಇರುವ ಪದಗಳ ಸಾಲಿಗೆ ಸೇರಿದ್ದು. ಅದನ್ನು ತಂದು ಅಭಿಮಾನಿಗಳ ತಲೆಗೆ ಕಟ್ಟಿದರೆ ಮಾಡಿದವರು ಮರೆಯಾಗುತ್ತಾರೆ, ಕಾದವರು ಸಿಕ್ಕಿಬೀಳುತ್ತಾರೆ. ನನ್ನ ತಕರಾರು ಇಷ್ಟೇ. ಆದರೆ ಈ ಪದದ ಹುಟ್ಟು ಗೊತ್ತಾದರೆ ತಕರಾರು ಯಾಕೆ ಸಣ್ಣದಲ್ಲ ಅನ್ನುವುದು ತಿಳಿಯುತ್ತದೆ.

ಹೈಪ್ ಹುಟ್ಟಿದ್ದು ಸಂಗೀತದಲ್ಲಿ ಅಲ್ಲ, ಮೋಸಗಾರರ ನಡುವೆ. ಅಮೆರಿಕದ ಕಳ್ಳರ ಆಡುಮಾತಿನಲ್ಲಿ 'ಹೈಪರ್' ಅಂತ ಒಂದು ಪದವಿತ್ತು. 1914ರ ಹೊತ್ತಿಗೇ ಅದು ದಾಖಲಾಗಿದೆ. ಹೈಪರ್ ಅಂದರೆ ಚಿಲ್ಲರೆಯಲ್ಲಿ ಮೋಸ ಮಾಡುವವನು. ದೊಡ್ಡ ನೋಟು ಕೊಡುತ್ತಾನೆ, ಚಿಲ್ಲರೆ ಎಣಿಸುವಾಗ ಏನೇನೋ ಮಾತಾಡಿ ಎಣಿಸುವವನನ್ನು ಗಲಿಬಿಲಿ ಮಾಡುತ್ತಾನೆ, ಕೊಟ್ಟದ್ದಕ್ಕಿಂತ ಜಾಸ್ತಿ ತೆಗೆದುಕೊಂಡು ಹೋಗುತ್ತಾನೆ. ಅವನು ಮಾಡುವ ಕೆಲಸಕ್ಕೆ 'ಹೈಪ್' ಅನ್ನುವ ಹೆಸರು 1926ರಲ್ಲಿ ಸಿಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಅವನ ಆಯುಧ. ಚಾಕು ಅಲ್ಲ, ಕೈಚಳಕ ಕೂಡ ಅಷ್ಟಿಲ್ಲ. ಬರೀ ಮಾತು. ಎದುರಿನವನ ಲೆಕ್ಕ ತಪ್ಪುವಷ್ಟು ಮಾತು. ಇದೇ ಪದ 1967ರ ಹೊತ್ತಿಗೆ 'ಇಲ್ಲದ್ದನ್ನು ಉಬ್ಬಿಸಿ ಹೇಳುವ ಪ್ರಚಾರ' ಅನ್ನುವ ಅರ್ಥಕ್ಕೆ ಬಂದು ನಿಂತಿತು. ನಡುವೆ ನಲವತ್ತು ವರ್ಷ ಕಳೆದರೂ ಅದರ ಒಳಗಿನ ಚಿತ್ರ ಬದಲಾಗಿಲ್ಲ ಅಲ್ವಾ?

ಹೈಪ್ ಅನ್ನುವುದು 'ಹೈಪರ್ಬೊಲಿ' ಅನ್ನುವ ಪದದ ತುಂಡು ಅಂತ ಬಹಳ ಜನ ಹೇಳುತ್ತಾರೆ. ಹೈಪರ್ಬೊಲಿ ಅಂದರೆ ಉತ್ಪ್ರೇಕ್ಷೆ. ಪ್ರಚಾರದ ಅರ್ಥ ಬರುವುದಕ್ಕೆ ಅದರ ನೆರಳೂ ಬಿದ್ದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬರೀ ಅಷ್ಟೇ ಅಂತ ಹೇಳಿ ಮುಗಿಸಿದರೆ ಚಿಲ್ಲರೆ ಮೋಸಗಾರ ತಪ್ಪಿಸಿಕೊಂಡುಬಿಡುತ್ತಾನೆ. ಇನ್ನೂ ಒಂದು ನೆರಳಿದೆ. ಮಾದಕವಸ್ತುವಿನ ಚಟ ಹತ್ತಿದವರ ಮಾತಿನಲ್ಲಿ ಚುಚ್ಚುವ ಸೂಜಿಗೂ 'ಹೈಪ್' ಅನ್ನುತ್ತಿದ್ದರು. ಅದು 'ಹೈಪೊಡರ್ಮಿಕ್' ಅನ್ನುವುದರ ಮೊಟಕು ರೂಪ. 1913ರಲ್ಲೇ ಅದೂ ಇತ್ತು. ಗ್ರೀಕಿನಲ್ಲಿ 'ಹೈಪರ್' ಅಂದರೆ ಮೇಲೆ, ಮೀರಿ. 'ಹೈಪೊ' ಅಂದರೆ ಕೆಳಗೆ. ಹೈಪೊಡರ್ಮಿಕ್ ಅಂದರೆ ಚರ್ಮದ ಕೆಳಗೆ. ಒಂದಕ್ಕೊಂದು ತದ್ವಿರುದ್ಧವಾದ ಎರಡು ಪದಗಳು ಬಾಲ ಕತ್ತರಿಸಿಕೊಂಡು ಒಂದೇ ಮುಖ ಹೊತ್ತು ನಿಂತಿವೆ. ಒಂದು ಮಾತಿನಿಂದ ಏರಿಸುತ್ತದೆ, ಇನ್ನೊಂದು ಸೂಜಿಯಿಂದ. ಎರಡರಲ್ಲೂ ಹೊರಗಿನಿಂದ ಏನೋ ಒಳಗೆ ಬರುತ್ತದೆ ಅನ್ನುವುದನ್ನು ಮಾತ್ರ ಮರೆಯಬಾರದು.

ಸಂಗೀತದ ವ್ಯಾಪಾರಕ್ಕೆ ಬಂದಾಗಲೂ ಈ ಪದ ಮೋಸವನ್ನು ಬಿಟ್ಟು ಬರಲಿಲ್ಲ. ಬ್ರಿಟನ್ನಿನಲ್ಲಿ ಜನಪ್ರಿಯ ಹಾಡುಗಳ ಪಟ್ಟಿ ತಯಾರಾಗುತ್ತಿದ್ದದ್ದು ಕೆಲವು ಆಯ್ದ ಅಂಗಡಿಗಳ ಮಾರಾಟದ ಲೆಕ್ಕದಿಂದ. ಆ ಅಂಗಡಿಗಳಿಗೆ ಜನರನ್ನು ಕಳುಹಿಸಿ, ತಮ್ಮ ರೆಕಾರ್ಡುಗಳನ್ನು ತಾವೇ ಕೊಳ್ಳಿಸಿ, ಹಾಡನ್ನು ಪಟ್ಟಿಯಲ್ಲಿ ಮೇಲಕ್ಕೆ ತಳ್ಳುವುದಕ್ಕೆ 'ಹೈಪಿಂಗ್' ಅಂತಲೇ ಹೆಸರು.

ಇಷ್ಟು ಹೇಳಿ ನಿಲ್ಲಿಸಿದರೆ ರ‍್ಯಾಪ್ ಸೇರಿದ ಸಂಗೀತ ಸಂಸ್ಕೃತಿಯಾದ ಹಿಪ್-ಹಾಪ್‌ಗೆ ಅನ್ಯಾಯವಾಗುತ್ತದೆ. ಈ ಪದವನ್ನು ಎತ್ತಿ ತೊಳೆದು ಬೇರೆ ಬೆಳಕಿನಲ್ಲಿ ಇಟ್ಟವರು ರ‍್ಯಾಪ್‌ನವರೇ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ತಂಗಿಯ ಜೊತೆ ಸೇರಿ ಒಂದು ಪಾರ್ಟಿ ಮಾಡಿದರು. ಹಿಪ್-ಹಾಪ್‌ನ ಹುಟ್ಟುಹಬ್ಬ ಅಂತ ಈಗ ಆಚರಿಸುವುದು ಅದೇ ದಿನವನ್ನು. ಹರ್ಕ್ ರೆಕಾರ್ಡು ನುಡಿಸುವಾಗ ಮೈಕು ಹಿಡಿದು, ಬಂದ ಗೆಳೆಯರ ಹೆಸರು ಕೂಗಿ, ಕುಣಿಯುವವರನ್ನು ಹುರಿದುಂಬಿಸುತ್ತಿದ್ದವರು ಕೋಕ್ ಲಾ ರಾಕ್. ಆಗ ರ‍್ಯಾಪ್ ಅಂದರೆ ಅಷ್ಟೇ. ಕೇಂದ್ರದಲ್ಲಿ ಇದ್ದದ್ದು ಡಿಜೆ, ಮೈಕು ಹಿಡಿದವನು ಹುರಿದುಂಬಿಸುವವನು. ಆಮೇಲೆ ಮೈಕಿನವನೇ ಮುಂದೆ ಬಂದ. ಅವನನ್ನು ಹುರಿದುಂಬಿಸಲು ಇನ್ನೊಬ್ಬ ಬೇಕಾದ. ಅವನೇ 'ಹೈಪ್ ಮ್ಯಾನ್'.

ಹೈಪ್ ಮ್ಯಾನ್‌ನನ್ನು 'ಹಿಮ್ಮೇಳದವನು' ಅಂತ ಬರೆಯುವವರಿದ್ದಾರೆ. ಸರಿ ಹೊಂದುವುದಿಲ್ಲ. ಹಿಮ್ಮೇಳ ಹಾಡಿಗೆ ಒತ್ತಾಸೆ. ಹೈಪ್ ಮ್ಯಾನ್ ನೋಡುವುದು ಹಾಡನ್ನಲ್ಲ, ಎದುರಿನ ಜನರನ್ನು. ಸಾಲಿನ ಕೊನೆಯ ಪದವನ್ನು ಇಮ್ಮಡಿ ಮಾಡಿ ಕೂಗುತ್ತಾನೆ, ನಡುವೆ ಉಸಿರು ಎಳೆದುಕೊಳ್ಳಲು ಹಾಡುಗಾರನಿಗೆ ಜಾಗ ಮಾಡಿಕೊಡುತ್ತಾನೆ, ಜನ ತಣ್ಣಗಾದರೆ ಬಿಸಿ ಮಾಡುತ್ತಾನೆ. ನಮ್ಮಲ್ಲಿ ಇದಕ್ಕೆ ತೀರಾ ಹತ್ತಿರದ ಪದ ಅಂದರೆ ಪರಾಕು ಹೇಳುವವನು. ಅದೇನು ಸಣ್ಣ ಕೆಲಸ ಅಲ್ಲ. ರ‍್ಯಾಪರ್ ಬಿಗ್ ಡ್ಯಾಡಿ ಕೇನ್ ಬಟ್ಟೆ ಬದಲಿಸಲು ಒಳಗೆ ಹೋದಾಗ ವೇದಿಕೆಯನ್ನು ಹಿಡಿದಿಡುತ್ತಿದ್ದ ಹುಡುಗ ಮುಂದೆ ಜೇ-ಝೀ ಅಂತ ಹೆಸರಾದ.

ಈ ಎರಡು ಹೈಪ್‌ಗಳು ಮುಖಾಮುಖಿ ಆದದ್ದು 1988ರಲ್ಲಿ, ಪಬ್ಲಿಕ್ ಎನಿಮಿ ಅನ್ನುವ ರ‍್ಯಾಪ್ ತಂಡದಲ್ಲಿ. ಕುತ್ತಿಗೆಗೆ ದೊಡ್ಡ ಗಡಿಯಾರ ನೇತುಹಾಕಿಕೊಳ್ಳುವ ಫ್ಲೇವರ್ ಫ್ಲೇವ್ ಆ ತಂಡದವರು. ಹೈಪ್ ಮ್ಯಾನ್ ಅಂದರೆ ಇವತ್ತಿಗೂ ಮೊದಲು ನೆನಪಾಗುವ ಹೆಸರು ಅವರದೇ. ಅದೇ ತಂಡ ಆ ವರ್ಷ ಹೈಪ್ ನಂಬಬೇಡಿ ಅನ್ನುವ ಅರ್ಥದ ಹೆಸರಿಟ್ಟು ಒಂದು ಹಾಡು ತಂದಿತು. ಇದರಲ್ಲಿ ವಿರೋಧ ಏನೂ ಇಲ್ಲ. ನಂಬಬೇಡಿ ಅಂದದ್ದು ಪತ್ರಿಕೆ, ರೇಡಿಯೊಗಳು ಕಟ್ಟುವ ಮಾತಿನ ಕೋಟೆಯನ್ನು. ವೇದಿಕೆಯ ಮೇಲಿನ ಹೈಪ್ ಎದುರಿಗೇ ನಡೆಯುತ್ತದೆ, ಮಾಡುವವನು ಕಣ್ಣಿಗೆ ಕಾಣುತ್ತಾನೆ, ಅದರಲ್ಲಿ ನಂಬುವುದು ಬಿಡುವುದು ಏನಿದೆ? ಒಂದೇ ತಂಡ, ಒಂದೇ ವರ್ಷ, ಒಂದೇ ಪದದ ಎರಡೂ ಅರ್ಥ. ಯಾರಾದರೂ ನನ್ನ ಹತ್ತಿರ ಹೈಪ್ ಅಂದರೇನು ಅಂತ ಕೇಳಿದರೆ ನಾನು ಕೊಡುವ ಮೊದಲ ಉದಾಹರಣೆ ಇದೇ.

ಹಾಗಾದರೆ "ನಾನು ಫುಲ್ ಹೈಪ್ ಆಗಿದ್ದೇನೆ" ಅನ್ನುವುದು? ಅದು ಸರಿ. ಇಂಗ್ಲಿಷಿನವರು ಅಲ್ಲಿ 'ಹೈಪ್ಡ್' ಅನ್ನುತ್ತಾರೆ. ಕೊನೆಯ ಆ ಡಕಾರದಲ್ಲಿ 'ಯಾರೋ ಏರಿಸಿದ್ದಾರೆ' ಅನ್ನುವುದು ಉಳಿದಿದೆ. ನಾವು ಅದನ್ನು ನುಂಗಿ 'ಹೈಪ್ ಆಗು' ಮಾಡಿಕೊಂಡಿದ್ದೇವೆ. 'ಆಗು' ಇದ್ದರೆ ಅರ್ಥ ಕೆಡುವುದಿಲ್ಲ. ಕೆಡುವುದು 'ಇಟ್ಟುಕೊಳ್ಳು' ಬಂದಾಗ.

ಈಗ ಆಲ್ಬಂಗಳ ವಿಷಯಕ್ಕೆ ಬರೋಣ. ಶುದ್ಧ ಹೈಪ್ ನೋಡಬೇಕು ಅಂದರೆ 2007ರ ಸೆಪ್ಟೆಂಬರ್ 11. ಕಾನ್ಯೆ ವೆಸ್ಟ್ ಮತ್ತು 50 ಸೆಂಟ್ ಅನ್ನುವ ಇಬ್ಬರು ರ‍್ಯಾಪರ್‌ಗಳ ಆಲ್ಬಂಗಳು ಅಮೆರಿಕದಲ್ಲಿ ಒಂದೇ ದಿನ ಬಂದವು. ತಾನು ಸೋತರೆ ಮತ್ತೆ ಒಂಟಿಯಾಗಿ ಆಲ್ಬಂ ಮಾಡುವುದಿಲ್ಲ ಅಂತ 50 ಸೆಂಟ್ ಘೋಷಿಸಿದರು. ಮೊದಲ ವಾರ ಕಾನ್ಯೆಯ ಆಲ್ಬಂ ಸುಮಾರು 9,57,000 ಪ್ರತಿ ಮಾರಾಟವಾಯಿತು, 50 ಸೆಂಟ್‌ರದು ಸುಮಾರು 6,91,000. ಆಮೇಲೆ ಅವರು ಆಲ್ಬಂ ಮಾಡುವುದನ್ನು ನಿಲ್ಲಿಸಲೂ ಇಲ್ಲ. ಎರಡು ಆಲ್ಬಂಗಳನ್ನು ಒಂದು ಪಂದ್ಯ ಮಾಡಿ, ಕೇಳುಗರಿಗೆ ಪಕ್ಷ ಹಂಚಿ, ಇಬ್ಬರೂ ಗೆದ್ದರು. ಇದು ಉಬ್ಬಿಸುವ ಕಲೆ. ಚೆನ್ನಾಗಿಯೇ ಮಾಡಿದರು, ನಾನು ಬೇಡ ಅನ್ನುವುದಿಲ್ಲ. ಹೆಸರು ಮಾತ್ರ ಸರಿಯಾಗಿ ಹೇಳೋಣ.

ಇದರ ಪಕ್ಕದಲ್ಲಿ ರ‍್ಯಾಪರ್ ಜೇ ಇಲೆಕ್ಟ್ರಾನಿಕಾ ಅವರನ್ನು ಇಡಿ. 2009ರಲ್ಲಿ ಒಂದು ಹಾಡಿನಿಂದ ಎಲ್ಲರ ಕಣ್ಣು ತಮ್ಮ ಮೇಲೆ ಬೀಳುವಂತೆ ಮಾಡಿದರು. ಮೊದಲ ಆಲ್ಬಂ ಬಂದದ್ದು 2020ರ ಮಾರ್ಚಿನಲ್ಲಿ. ಹತ್ತು ವರ್ಷಕ್ಕೂ ಜಾಸ್ತಿ! ಅಷ್ಟು ಕಾಲ ಯಾವ ಪ್ರಚಾರವೂ ಯಾರನ್ನೂ ಉಬ್ಬಿಸಿ ಇಡಲಾರದು. ಜನ ಆ ಒಂದು ಹಾಡನ್ನು ಮತ್ತೆ ಮತ್ತೆ ಕೇಳುತ್ತಾ ತಾವಾಗೇ ಕಾದರು. ಇದನ್ನೂ 'ಹೈಪ್' ಅಂತ ಕರೆದರೆ ಆ ಕೇಳುಗರ ತಾಳ್ಮೆಗೆ ಅವಮಾನ.

ರ‍್ಯಾಪರ್ ಡಾಕ್ಟರ್ ಡ್ರೇ ಅವರ 'ಡೀಟಾಕ್ಸ್' ಆಲ್ಬಂದು ಇನ್ನೂ ದೊಡ್ಡ ಕತೆ. ಅವರ ಹಿಂದಿನ ಆಲ್ಬಂ 1999ರದು. ಡೀಟಾಕ್ಸ್ ಬರುತ್ತದೆ ಅನ್ನುವ ಮಾತು 2000ದ ದಶಕದ ಆರಂಭದಲ್ಲೇ ಶುರುವಾಯಿತು. 2010ರ ಸುಮಾರಿಗೆ ಒಂದೆರಡು ಹಾಡು ಹೊರಬಂದವು, ಆಗ ಒಂದಿಷ್ಟು ಹೈಪ್ ಇತ್ತು ಅಂತ ಒಪ್ಪುತ್ತೇನೆ. ಆಲ್ಬಂ ಬರಲೇ ಇಲ್ಲ. 2015ರಲ್ಲಿ ಅವರೇ, ಅದು ಚೆನ್ನಾಗಿ ಬಂದಿರಲಿಲ್ಲ, ತನಗೇ ಹಿಡಿಸಲಿಲ್ಲ ಅಂತ ಹೇಳಿ ಬೇರೆಯೇ ಒಂದು ಆಲ್ಬಂ ಕೊಟ್ಟರು. ಅಷ್ಟು ವರ್ಷ ಅದನ್ನು ಜೀವಂತ ಇಟ್ಟದ್ದು ಕೇಳುಗರ ಕಾಯುವಿಕೆ.

ಇನ್ನು 2024ರ ನವೆಂಬರ್ 22. ರ‍್ಯಾಪರ್ ಕೆಂಡ್ರಿಕ್ ಲಾಮಾರ್ ಮೊದಲೇ ದಿನಾಂಕ ಹೇಳದೆ, ಮುಂಚಿತವಾಗಿ ಹಾಡು ಬಿಡದೆ, ಇಡೀ ಆಲ್ಬಂ ತಂದು ಇಟ್ಟರು. ಅದು ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೆ ಹೋಯಿತು. ಆ ಆಲ್ಬಂ ಬಗ್ಗೆ "ಭಾರಿ ಹೈಪ್ ನಡುವೆ ಬಿಡುಗಡೆ" ಅನ್ನುವ ಸಾಲು ಓದಿ ನನಗೆ ಸಿಟ್ಟೇ ಬಂತು. ಯಾವ ಹೈಪ್? ಬರುತ್ತದೆ ಅಂತಲೇ ಗೊತ್ತಿರಲಿಲ್ಲ.

ಎರಡೂ ಒಟ್ಟಿಗೆ ಇರುವುದೂ ಉಂಟು. 2021ರಲ್ಲಿ ಕಾನ್ಯೆ ವೆಸ್ಟ್ ತಮ್ಮ ತಾಯಿಯ ಹೆಸರಿಟ್ಟ ಆಲ್ಬಂನ್ನು ಬಿಡುಗಡೆಗೆ ಮೊದಲೇ ಅಟ್ಲಾಂಟಾದ ಕ್ರೀಡಾಂಗಣದಲ್ಲಿ ಎರಡು ಸಲ, ಶಿಕಾಗೊದಲ್ಲಿ ಒಂದು ಸಲ ಜನರಿಗೆ ಕೇಳಿಸಿದರು. ಆಲ್ಬಂ ಬಂದದ್ದು ಆಗಸ್ಟ್ 29ಕ್ಕೆ. ಕ್ರೀಡಾಂಗಣ ಹೈಪ್. ಹೇಳಿದ ದಿನ ದಾಟುತ್ತಾ ಹೋದರೂ ಬಿಡದೆ ಮತ್ತೆ ಬಂದು ಕೂತವರದು ಕಾತರ.

'ಓವರ್‌ಹೈಪ್' ಬಗ್ಗೆ ಎರಡೇ ಮಾತು. 'ಹೈಪರ್' ಅಂದರೇ ಅತಿ, ಮೀರಿದ್ದು. ಅದರ ಹಿಂದೆ ಇನ್ನೊಂದು 'ಓವರ್' ಸೇರಿಸಿದರೆ ಅತಿಯ ಮೇಲೆ ಅತಿ. 'ನಡುಮಧ್ಯ' ಅಂದ ಹಾಗೆ. ಬಳಕೆಗೆ ಬಂದಾಯಿತು, ಬಿಡಿ. ಆದರೆ "ಆಲ್ಬಂ ಓವರ್‌ಹೈಪ್ ಆಗಿತ್ತು" ಅಂತ ಬರೆಯುವ ಮೊದಲು ಉಬ್ಬಿಸಿದ್ದು ಯಾರು ಅಂತ ಒಂದು ಸಲ ಕೇಳಿಕೊಳ್ಳಿ. ಯಾರೂ ಉಬ್ಬಿಸದೆ ನೀವೇ ಆಸೆಪಟ್ಟು, ಅದು ಈಡೇರದಿದ್ದರೆ ಅದಕ್ಕೆ ನಿರಾಸೆ ಅಂತ ಒಳ್ಳೆಯ ಪದವಿದೆ.

ಅಭಿಮಾನಿಗಳ ಕಡೆಗೆ ನಮ್ಮಲ್ಲಿ ಪದಗಳಿಗೆ ಬರವೇ? ತವಕ ಇದೆ, ಹುರುಪು ಇದೆ, ಉಮೇದು ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾತರ. ಸಂಸ್ಕೃತದಲ್ಲಿ ಕಾತರ ಅಂದರೆ ಅಂಜಿದವನು, ಹೇಡಿ. ಕನ್ನಡಕ್ಕೆ ಬಂದು ಅದು ತವಕವೂ ಆಯಿತು, ಕಳವಳವನ್ನೂ ಬಿಡಲಿಲ್ಲ. ಆಲ್ಬಂಗೆ ಕಾಯುವುದು ಅಂದರೆ ಇದೇ ಅಲ್ವಾ? ಬೇಗ ಬರಲಿ ಅನ್ನುವ ಆಸೆ. ಬಂದು ಚೆನ್ನಾಗಿಲ್ಲದಿದ್ದರೆ ಅನ್ನುವ ಅಂಜಿಕೆ. ಮೊದಲ ಹಾಡು ಶುರುವಾಗುವ ಮುಂಚಿನ ಆ ಎರಡು ಸೆಕೆಂಡು ಎದೆ ಹೊಡೆದುಕೊಳ್ಳುವುದು ಬರೀ ಖುಷಿಗಲ್ಲ. ಹೈಪ್‌ನಲ್ಲಿ ಈ ಅಂಜಿಕೆಗೆ ಜಾಗವೇ ಇಲ್ಲ, ಮಾರುವವನು ಅಂಜಿಕೆಯನ್ನು ಮಾರುವುದಿಲ್ಲ.

'ಕಾಯು' ಅನ್ನುವುದೂ ಅಷ್ಟೇ ತುಂಬಿದ ಪದ. ದಾರಿ ನೋಡುವುದೂ ಕಾಯುವುದೇ, ಬಿಸಿ ಏರುವುದೂ ಕಾಯುವುದೇ. ಆದ್ದರಿಂದ ಮೊನ್ನೆಯ ಆ ಸಾಲನ್ನು ತಿದ್ದಲು ಹೊಸ ಪದವೇನೂ ಬೇಕಾಗಲಿಲ್ಲ: "ಈ ಆಲ್ಬಂಗೆ ಅಭಿಮಾನಿಗಳು ಕಾದು ಕೂತಿದ್ದಾರೆ."